ಕ್ರೀಟ್‌ಗೆ ಹೊರಟಿದ್ದೀರಾ? ಓಡಾಟ ಕಡಿಮೆ ಮಾಡಿ, ನೀರಲ್ಲಿ ಜಾಸ್ತಿ ಇರಿ

ಹೋದ ತಿಂಗಳು ಇದೇ ಅಂಕಣದಲ್ಲಿ ಗ್ರೀಸ್ ದೇಶದ ಕ್ರೀಟ್ ದ್ವೀಪದ ಹೆಸರು ಎತ್ತಿದ್ದೆ. ಮೆಡಿಟರೇನಿಯನ್ ಸಮುದ್ರದಲ್ಲಿ ಬಿಸಿಲು, ತಿಳಿನೀರು, ಮರಳು ಮೂರೂ ಒಟ್ಟಿಗೆ ಸಿಗುವ ಜಾಗ ಅಂತ ಒಂದೇ ಸಾಲು ಬರೆದಿದ್ದು. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ನಾನು ಅಲ್ಲಿಗೆ ಎರಡು ಸಲ ಹೋಗಿದ್ದೇನೆ, ಎರಡನೇ ಸಲ ಅಮ್ಮನನ್ನೂ ಕರೆದುಕೊಂಡು. ಹಾಗಾಗಿ ಈ ಸಲ ಪೂರ್ತಿ ಪುಟ ಕ್ರೀಟ್‌ಗೇ.

ಪ್ರಶ್ನೆ: ನಾವು ಐದು ಜನ. ಅಪ್ಪ, ಅಮ್ಮ, ನಾವಿಬ್ಬರು, ಎಂಟು ವರ್ಷದ ಮಗಳು. ಕ್ರೀಟ್‌ನಲ್ಲಿ ಏಳು ದಿನ. ಟ್ರಾವೆಲ್ಸ್‌ನವರು ಕೊಟ್ಟ ಪ್ಲಾನ್‌ನಲ್ಲಿ ಹೆರಾಕ್ಲಿಯೋನ್, ಕ್ನೋಸೋಸ್, ವಾಯ್, ಸಮಾರಿಯಾ ಕಣಿವೆ, ಬಾಲೋಸ್, ಎಲಫೊನಿಸಿ ಎಲ್ಲ ಇದೆ, ಜೊತೆಗೆ ಒಂದು ದಿನ ಸ್ಯಾಂಟೊರಿನಿ ಅನ್ನುವ ಬೇರೆ ದ್ವೀಪ. ಇದು ಆಗುತ್ತಾ ಮೇಡಂ? (ಮೈಸೂರಿನ ಓದುಗರು)

ಉತ್ತರ: ದಯವಿಟ್ಟು ಈ ಪ್ಲಾನ್ ಬಿಡಿ. ಇದರಲ್ಲಿ ಎಲ್ಲ ಊರೂ ಇದೆ, ಸಮುದ್ರ ಮಾತ್ರ ಇಲ್ಲ.

ದ್ವೀಪ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಮಲ್ಪೆ ಹತ್ತಿರದ ಸೇಂಟ್ ಮೇರೀಸ್ ಥರದ ಪುಟ್ಟ ಜಾಗ. ದೋಣಿಯಲ್ಲಿ ಹೋಗಿ, ಒಂದು ಸುತ್ತು ಹಾಕಿ, ಮಧ್ಯಾಹ್ನ ಊಟಕ್ಕೆ ವಾಪಸ್. ಕ್ರೀಟ್ ಹಾಗಲ್ಲ. ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 260 ಕಿಲೋಮೀಟರ್ ಉದ್ದ. ಹತ್ತಿರ ಹತ್ತಿರ ಮಂಗಳೂರಿನಿಂದ ಕಾರವಾರದಷ್ಟು ಅಂದುಕೊಳ್ಳಿ. ನಡುವೆ ಎರಡು ಸಾವಿರ ಮೀಟರ್ ದಾಟುವ ಬೆಟ್ಟಗಳಿವೆ. ಉತ್ತರದ ಕರಾವಳಿಯಲ್ಲಿ ಹೆದ್ದಾರಿ ಇದೆ, ಆದರೆ ದಕ್ಷಿಣಕ್ಕೆ ಹೋಗಬೇಕೆಂದರೆ ಘಾಟಿ ಹತ್ತಿ ಇಳಿಯಲೇಬೇಕು. ಮ್ಯಾಪಿನಲ್ಲಿ ಎಪ್ಪತ್ತು ಕಿಲೋಮೀಟರ್ ಅಂತ ಕಂಡರೂ ಒಂದೂವರೆ ಗಂಟೆ ಹಿಡಿಯುತ್ತದೆ.

ಮೊದಲ ಸಲ ಹೋದಾಗ ನಾವೂ ಇದೇ ತಪ್ಪು ಮಾಡಿದ್ದೆವು. ಏಳು ದಿನಕ್ಕೆ ನಾಲ್ಕು ಹೋಟೆಲ್. ಬಾಲೋಸ್ ಬೀಚ್‌ಗೆ ಹೋಗುವ ಕಚ್ಚಾ ರಸ್ತೆಯಲ್ಲಿ ಬಾಡಿಗೆ ಕಾರಿನ ಟೈರ್ ಹರಿದು ಹೋಯಿತು. ಕಚ್ಚಾ ರಸ್ತೆಯಲ್ಲಿ ಆದ ಹಾನಿಗೆ ಇನ್ಶೂರೆನ್ಸ್ ಇಲ್ಲ ಅಂತ ಕಾಗದದಲ್ಲಿ ಇತ್ತು, ಓದಿರಲಿಲ್ಲ. ದುಡ್ಡು ಹೋಯಿತು, ಅದಕ್ಕಿಂತ ಹೆಚ್ಚಾಗಿ ಒಂದಿಡೀ ದಿನ ಹೋಯಿತು. ಊರಿಗೆ ಬಂದ ಮೇಲೆ ಲೆಕ್ಕ ಹಾಕಿದರೆ, ಏಳು ದಿನದಲ್ಲಿ ನೀರಿಗಿಳಿದಿದ್ದು ಮೂರೇ ಸಲ. ಇವತ್ತಿಗೂ ಅದು ನನಗೆ ಬೇಸರದ ವಿಷಯ. ಎರಡನೇ ಸಲ ಹಾನಿಯಾ ಹತ್ತಿರ ಒಂದೇ ಮನೆ ಬಾಡಿಗೆಗೆ ಹಿಡಿದು ಎಂಟು ದಿನ ಅಲ್ಲೇ ಇದ್ದೆವು. ದಿನಕ್ಕೆ ಎರಡು ಸಲ ಸಮುದ್ರ.

ನಿಮಗೂ ಹಾಗೇ ಮಾಡಿ ಅಂತ ಹೇಳುತ್ತೇನೆ. ಪಶ್ಚಿಮದ ಹಾನಿಯಾ ಊರು ಹಿಡಿಯಿರಿ. ಅಥೆನ್ಸ್‌ನಿಂದ ಅಲ್ಲಿಗೆ ಸುಮಾರು 50 ನಿಮಿಷದ ವಿಮಾನ. ಇಲ್ಲವಾದರೆ ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ರಾತ್ರಿ ಹಡಗು ಹತ್ತಿ ಮಲಗಿದರೆ ಬೆಳಗ್ಗೆ ಹಾನಿಯಾ ಪಕ್ಕದ ಸೌದಾ ಬಂದರಿನಲ್ಲಿ ಏಳಬಹುದು. ಮಗಳಿಗೆ ಅದೇ ದೊಡ್ಡ ಖುಷಿ. ಮೊದಲ ಎರಡು ದಿನ ದೂರ ಎಲ್ಲೂ ಹೋಗಬೇಡಿ. ಊರಿನ ಪಕ್ಕದ ನೆಯಾ ಹೋರಾ ಬೀಚ್‌ಗೆ ನಡೆದೇ ಹೋಗಬಹುದು. ಅಕ್ರೊತಿರಿ ಕಡೆ ಮರಾಥಿ ಅಂತ ಒಂದು ಸಣ್ಣ ಬೀಚ್ ಇದೆ, ಗಾಳಿಗೆ ಮರೆ, ನೀರು ಆಳ ಇಲ್ಲ, ಮಕ್ಕಳಿಗೂ ವಯಸ್ಸಾದವರಿಗೂ ಹೇಳಿ ಮಾಡಿಸಿದ ಹಾಗಿದೆ. ಆಮೇಲೆ ಒಂದು ದಿನ ಎಲಫೊನಿಸಿ, ಒಂದು ಸಂಜೆ ಫಲಸರ್ನಾ. ಫಲಸರ್ನಾ ಪಶ್ಚಿಮಕ್ಕೆ ಮುಖ ಮಾಡಿರುವ ಉದ್ದದ ಮರಳ ತೀರ, ಸೂರ್ಯ ನೇರ ನೀರಿಗೇ ಇಳಿಯುತ್ತಾನೆ. ಜೂನ್ ಕೊನೆಯಲ್ಲಿ ಅದು ರಾತ್ರಿ 8.40ರ ಹೊತ್ತಿಗೆ, ಊಟ ಕಟ್ಟಿಕೊಂಡು ಹೋಗಿ. ಬಾಲೋಸ್ ನೋಡಲೇಬೇಕು ಅಂದರೆ ಕಾರು ಬೇಡ, ಕಿಸ್ಸಾಮೋಸ್ ಬಂದರಿನಿಂದ ದೋಣಿ ಹೋಗುತ್ತದೆ.

ಎಲಫೊನಿಸಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹಾನಿಯಾದಿಂದ ಸುಮಾರು 75 ಕಿಲೋಮೀಟರ್. ಬೇಸಿಗೆಯಲ್ಲಿ ಬೆಳಗ್ಗೆ ಬಸ್ ಹೊರಡುತ್ತದೆ, ಮಧ್ಯಾಹ್ನದ ಮೇಲೆ ವಾಪಸ್ ಬರುತ್ತದೆ. ಅಲ್ಲಿನ ಮರಳು ಕೆಲವು ಕಡೆ ನಸುಗೆಂಪು. ಕಣ್ಣಿಗೆ ಕಾಣದಷ್ಟು ಸಣ್ಣ ಸಮುದ್ರ ಜೀವಿಗಳ ಚಿಪ್ಪು ಪುಡಿಯಾಗಿ ಮರಳಿಗೆ ಸೇರಿ ಆ ಬಣ್ಣ ಬಂದಿದೆ. ಫೋಟೋದಲ್ಲಿ ನೋಡಿದಷ್ಟು ಗುಲಾಬಿ ಇರುವುದಿಲ್ಲ, ಅಲೆ ಬಂದು ಹಿಂದೆ ಸರಿದಾಗ ಒದ್ದೆ ಅಂಚಿನಲ್ಲಿ ಗೆರೆ ಎಳೆದ ಹಾಗೆ ಕಾಣುತ್ತದೆ. ಮಗಳಿಗೆ ಮೊದಲೇ ಹೇಳಿಡಿ, ಒಂದು ಹಿಡಿ ಮರಳನ್ನೂ ತರುವ ಹಾಗಿಲ್ಲ, ಅದು ಸಂರಕ್ಷಿತ ಜಾಗ. ಹನ್ನೊಂದು ಗಂಟೆಗೆ ಬಸ್ಸುಗಳೆಲ್ಲ ಬಂದು ಜನ ತುಂಬಿಬಿಡುತ್ತಾರೆ. ಕಾರಿದ್ದರೆ ಒಂಬತ್ತರ ಒಳಗೆ ಹೋಗಿ, ಇಲ್ಲ ನಾಲ್ಕರ ಮೇಲೆ ಹೋಗಿ.

ಸಮಾರಿಯಾ ಕಣಿವೆ ಈ ಸಲ ಬೇಡ. 16 ಕಿಲೋಮೀಟರ್ ಕಲ್ಲುದಾರಿ, ಒಳಗೆ ಹೋದ ಮೇಲೆ ಗಾಡಿ ಬರುವುದಿಲ್ಲ, ಕೆಳಗಿನ ಊರಿನಿಂದ ದೋಣಿಯಲ್ಲೇ ಆಚೆ ಬರಬೇಕು. ಅಪ್ಪ ಅಮ್ಮನ ಮಂಡಿಗೆ ಅದು ಶಿಕ್ಷೆ. ಸ್ಯಾಂಟೊರಿನಿ ಇನ್ನೊಂದು ಸಲಕ್ಕೆ ಇರಲಿ. ಕ್ನೋಸೋಸ್ ಅರಮನೆ ನೋಡುವ ಆಸೆ ಗಟ್ಟಿಯಾಗಿದ್ದರೆ ಮಾತ್ರ ಒಂದು ದಿನ ಬಿಟ್ಟುಕೊಡಿ, ಅದರ ಪಕ್ಕದ ಹೆರಾಕ್ಲಿಯೋನ್ ಊರು ಹಾನಿಯಾದಿಂದ ಸುಮಾರು 140 ಕಿಲೋಮೀಟರ್.

ಪ್ರಶ್ನೆ: ನಾನು ಮಲ್ಪೆ ಕಡೆಯವನು, ಕಡಲು ನನಗೆ ಹೊಸದಲ್ಲ. ಅಲ್ಲಿನ ಕಡಲಿಗೂ ನಮ್ಮದಕ್ಕೂ ಏನು ವ್ಯತ್ಯಾಸ? ಯಾವ ತಿಂಗಳು ಒಳ್ಳೆಯದು? (ಉಡುಪಿ ಜಿಲ್ಲೆಯ ಓದುಗರು)

ಉತ್ತರ: ನಿಮ್ಮಂಥವರಿಗೆ ಮೊದಲು ಕಣ್ಣಿಗೆ ಬೀಳುವುದು ಉಬ್ಬರ ಇಳಿತ. ಅಲ್ಲಿ ಅದು ಬಹಳ ಕಡಿಮೆ. ಬೆಳಗ್ಗೆ ಚಾಪೆ ಹಾಸಿದ ಜಾಗದ ಹತ್ತಿರಕ್ಕೆ ಸಂಜೆಯಾದರೂ ನೀರು ಬರುವುದಿಲ್ಲ. ಎರಡನೆಯದು, ನೀರು ತಿಳಿ. ಎದೆಮಟ್ಟ ನಿಂತರೂ ಕಾಲ್ಬೆರಳು ಎಣಿಸಬಹುದು. ನಮ್ಮ ಕಡಲಲ್ಲಿ ಮೀನಿಗೆ ಬೇಕಾದ ಆಹಾರ ಜಾಸ್ತಿ, ನದಿಗಳು ಮಣ್ಣು ತಂದು ಸುರಿಯುತ್ತವೆ. ಅಲ್ಲಿ ಎರಡೂ ಕಡಿಮೆ, ಅದಕ್ಕೇ ಆ ನೀಲಿ. ಮೂರನೆಯದು ಉಪ್ಪು. ಒಂದು ಲೀಟರಿಗೆ ಸುಮಾರು 39 ಗ್ರಾಂ. ಮೈ ಸ್ವಲ್ಪ ಹಗುರವಾಗಿ ತೇಲುತ್ತದೆ, ಆದರೆ ಕಣ್ಣು ಉರಿಯುತ್ತದೆ, ಈಜು ಕನ್ನಡಕ ಇಟ್ಟುಕೊಳ್ಳಿ.

ಕಾಲವೂ ನಮಗೆ ತಿರುಗಾಮುರುಗಾ. ಜೂನ್, ಜುಲೈನಲ್ಲಿ ನಮ್ಮ ಕಡಲು ಮೊರೆಯುತ್ತಾ ಯಾರೂ ಹತ್ತಿರ ಹೋಗಬಾರದು ಅನ್ನುವಾಗ ಅಲ್ಲಿ ಒಂದು ಹನಿ ಮಳೆ ಇರುವುದಿಲ್ಲ. ಹಾಗಂತ ಜುಲೈ, ಆಗಸ್ಟ್ ನಾನು ಹೇಳುವುದಿಲ್ಲ. ಜನ ಜಾಸ್ತಿ, ಬಾಡಿಗೆ ಜಾಸ್ತಿ, ಬಿಸಿಗಾಳಿ ಬಂದರೆ 40 ಡಿಗ್ರಿ ಮುಟ್ಟುತ್ತದೆ. ಅದಕ್ಕಿಂತ ಮುಖ್ಯ, ಆ ಎರಡು ತಿಂಗಳು ಉತ್ತರದಿಂದ ಮೆಲ್ಟೆಮಿ ಅನ್ನುವ ಗಾಳಿ ಬೀಸುತ್ತದೆ. ಆಕಾಶದಲ್ಲಿ ಒಂದು ಮೋಡ ಇರುವುದಿಲ್ಲ, ಆದರೂ ಉತ್ತರ ತೀರದಲ್ಲಿ ಅಲೆ ಏಳುತ್ತದೆ. ಬಿಸಿಲು ನೋಡಿ ನೀರನ್ನು ನಂಬಬೇಡಿ, ಬಾವುಟ ನೋಡಿ. ಕೆಂಪು ಇದ್ದರೆ ಇಳಿಯಬೇಡಿ. ಜಾರ್ಜಿಯುಪೊಲಿ ಅಂತ ಕಿಲೋಮೀಟರ್‌ಗಟ್ಟಲೆ ಉದ್ದದ ಚಂದದ ತೀರ ಇದೆ, ಗಾಳಿ ಇರುವ ದಿನ ಅಲ್ಲಿ ನೀರು ಒಳಗೆ ಎಳೆಯುತ್ತದೆ. ಕಡಲು ಗೊತ್ತು ಅನ್ನುವವರೇ ಅಂಥ ಕಡೆ ಧೈರ್ಯ ಮಾಡುವುದು, ಅಲ್ವಾ? ಮೊದಲ ದಿನ ಅಲ್ಲಿನ ಲೈಫ್‌ಗಾರ್ಡ್‌ಗಳನ್ನು ಕೇಳಿಯೇ ಇಳಿಯಿರಿ.

ಬಂಡೆ ಇರುವ ಕಡೆ ಸೀ ಅರ್ಚಿನ್ ಇರುತ್ತವೆ. ಕರಿ ಮುಳ್ಳಿನ ಚೆಂಡಿನ ಹಾಗೆ ಬಂಡೆಗೆ ಅಂಟಿಕೊಂಡಿರುವ ಪ್ರಾಣಿ. ಕಾಲಿಟ್ಟರೆ ಮುಳ್ಳು ಒಳಗೇ ಮುರಿಯುತ್ತದೆ. ರಬ್ಬರ್ ತಳದ ಈಜು ಚಪ್ಪಲಿ ತಪ್ಪದೆ ಒಯ್ಯಿರಿ.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೆಯದು ಸೆಪ್ಟೆಂಬರ್. ಬೇಸಿಗೆಯೆಲ್ಲ ಕಾದ ಸಮುದ್ರ ಆಗ 25 ಡಿಗ್ರಿ ಹತ್ತಿರ ಇರುತ್ತದೆ, ಬಿಸಿಲು ಮೆತ್ತಗಾಗಿರುತ್ತದೆ. ಮಕ್ಕಳ ಶಾಲೆ ಇದೆ ಅನ್ನುವವರಿಗೆ ದಸರಾ ರಜೆ ಚೆನ್ನಾಗಿ ಹೊಂದುತ್ತದೆ. ಅಕ್ಟೋಬರ್ ಮೊದಲ ಎರಡು ವಾರ ನೀರು ಇನ್ನೂ ಬೆಚ್ಚಗಿರುತ್ತದೆ. ತಿಂಗಳ ಕೊನೆಗೆ ಮಳೆ ಶುರುವಾಗಬಹುದು, ತೀರದ ಹೋಟೆಲ್‌ಗಳೂ ಒಂದೊಂದಾಗಿ ಬಾಗಿಲು ಹಾಕುತ್ತವೆ. ನಮ್ಮ ಬೇಸಿಗೆ ರಜೆ ಅಂತ ಏಪ್ರಿಲ್‌ನಲ್ಲಿ ಮಾತ್ರ ಹೋಗಬೇಡಿ. ಬೆಟ್ಟದ ತುಂಬ ಹೂವು ಇರುತ್ತದೆ, ನೀರು ಮಾತ್ರ ಕೊರೆಯುತ್ತದೆ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಸಮುದ್ರದ ಊರಲ್ಲಿ ಬ್ರೆಡ್ಡು, ಜಾಮ್ ತಿಂದೇ ಇರಬೇಕಾ? (ಧಾರವಾಡದ ಓದುಗರು)

ಉತ್ತರ: ಖಂಡಿತ ಇಲ್ಲ. ಊಟದ ವಿಷಯದಲ್ಲಿ ಕ್ರೀಟ್ ನಮಗೆ ತುಂಬ ಹತ್ತಿರ. ಅಲ್ಲಿನವರು ಆರ್ಥೊಡಾಕ್ಸ್ ಕ್ರೈಸ್ತರು. ವರ್ಷದಲ್ಲಿ ಬಹಳ ದಿನ ಉಪವಾಸ ಇರುತ್ತದೆ, ಬುಧವಾರ, ಶುಕ್ರವಾರ, ಈಸ್ಟರ್‌ಗೆ ಮುಂಚಿನ ದಿನಗಳು. ಆಗ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲದ ಅಡುಗೆ ಮಾಡುತ್ತಾರೆ. ಅದಕ್ಕೆ 'ನಿಸ್ತೀಸಿಮೊ' ಅನ್ನುತ್ತಾರೆ. ಹೋಟೆಲಲ್ಲಿ ವೆಜಿಟೇರಿಯನ್ ಅಂದರೆ ಸಲಾಡ್ ತೋರಿಸುತ್ತಾರೆ, ನಿಸ್ತೀಸಿಮೊ ಏನಿದೆ ಅಂತ ಕೇಳಿ ನೋಡಿ, ಮುಖವೇ ಅರಳುತ್ತದೆ. ಆದರೆ ಒಂದು ಎಚ್ಚರ. ಆ ಉಪವಾಸದಲ್ಲಿ ಸಿಗಡಿ, ಆಕ್ಟೋಪಸ್, ಬೊಂಡಾಸ್ ತಿನ್ನಬಹುದು. ಹಾಗಾಗಿ 'ಸಮುದ್ರದ್ದು ಏನೂ ಬೇಡ' ಅಂತ ಸೇರಿಸಿ ಹೇಳಲೇಬೇಕು.

ತಿನ್ನಲು ಏನೇನು ಸಿಗುತ್ತದೆ ಅಂದರೆ, ಫಾವಾ ಅಂತ ಹಳದಿ ಬೇಳೆಯದು, ಒಗ್ಗರಣೆ ಹಾಕದ ಗಟ್ಟಿ ತೊವ್ವೆಯ ಹಾಗೆ, ಮೇಲೆ ಹಸಿ ಈರುಳ್ಳಿ. ಹೋರ್ತಾ ಅಂದರೆ ಬೇಯಿಸಿದ ಕಾಡುಸೊಪ್ಪು, ಆಲಿವ್ ಎಣ್ಣೆ, ನಿಂಬೆಹಣ್ಣು. ಗೀಗಾಂತೆಸ್ ಅಂದರೆ ಟೊಮೆಟೊದಲ್ಲಿ ಬೇಯಿಸಿದ ದೊಡ್ಡ ಬಿಳಿ ಕಾಳು. ಗೆಮಿಸ್ತಾ ಅಂದರೆ ಅನ್ನ ತುಂಬಿದ ಟೊಮೆಟೊ, ಡೊಣ್ಣೆ ಮೆಣಸಿನಕಾಯಿ, ಇದರಲ್ಲಿ ಕೆಲವರು ಕೀಮಾ ಹಾಕುತ್ತಾರೆ, ಕೇಳಿ ತೆಗೆದುಕೊಳ್ಳಿ.

ಧಾರವಾಡದವರು ಅಂತ ನಿಮಗೆ ದಾಕೋಸ್ ಬಗ್ಗೆ ಬೇರೆಯಾಗಿ ಹೇಳುತ್ತೇನೆ. ಜವೆಗೋಧಿಯ ರೊಟ್ಟಿಯನ್ನು ಎರಡು ಸಲ ಸುಟ್ಟು ಕಲ್ಲಿನ ಹಾಗೆ ಒಣಗಿಸಿರುತ್ತಾರೆ. ನಮ್ಮ ಕಡಕ್ ರೊಟ್ಟಿಯದೇ ಬುದ್ಧಿ, ತಿಂಗಳುಗಟ್ಟಲೆ ಕೆಡಬಾರದು ಅಂತ. ಅದರ ಮೇಲೆ ಸ್ವಲ್ಪ ನೀರು ಚಿಮುಕಿಸಿ, ಟೊಮೆಟೊ ತುರಿದು ಹಾಕಿ, ಬಿಳಿ ಮಿಜಿಥ್ರಾ ಚೀಸ್ ಪುಡಿ ಮಾಡಿ, ಆಲಿವ್ ಎಣ್ಣೆ ಸುರಿದು, ಒಣ ಓರೆಗಾನೊ ಉದುರಿಸುತ್ತಾರೆ. ಬಂದ ಕೂಡಲೇ ತಿನ್ನಬೇಡಿ. ಐದು ನಿಮಿಷ ಬಿಡಿ. ಟೊಮೆಟೊ ರಸ ಇಳಿದು ಮೇಲಿನ ಅರ್ಧ ಮೆತ್ತಗಾಗಿ, ಅಡಿಯ ಅರ್ಧ ಇನ್ನೂ ಕಟುಂ ಅನ್ನುವಾಗ ಕಚ್ಚಬೇಕು. ಅಮ್ಮ ಎಂಟು ದಿನದಲ್ಲಿ ಆರು ದಿನ ಮಧ್ಯಾಹ್ನ ಅದನ್ನೇ ತಿಂದರು, ನಾವು ತಂದಿದ್ದ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡು.

ಚಟ್ನಿಪುಡಿ, ಅವಲಕ್ಕಿ ಒಯ್ಯಬಹುದು. ಹಾಲು, ತುಪ್ಪ, ಪನೀರ್ ಯುರೋಪಿಯನ್ ಒಕ್ಕೂಟದ ಒಳಗೆ ತರುವ ಹಾಗಿಲ್ಲ. ಹಸಿ ಕರಿಬೇವು, ಮಾವಿನಹಣ್ಣು ಕೂಡ ಬೇಡ, ಏರ್‌ಪೋರ್ಟ್‌ನಲ್ಲಿ ತೆಗೆದಿಡುತ್ತಾರೆ. ಊಟವಾದ ಮೇಲೆ ಕೇಳದಿದ್ದರೂ ಸಣ್ಣ ಬಾಟಲಿಯಲ್ಲಿ ರಾಕಿ ಅನ್ನುವ ಮದ್ಯ ತಂದಿಡುತ್ತಾರೆ, ಅದು ಅವರ ಮರ್ಯಾದೆ. ಕುಡಿಯದವರು ಎದೆಯ ಮೇಲೆ ಕೈಯಿಟ್ಟು ಬೇಡ ಅಂದರೆ ಸಾಕು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಪ್ರಶ್ನೆ: ವೀಸಾ, ಖರ್ಚು, ಕಾರು, ಮೂರರ ಬಗ್ಗೆಯೂ ಹೇಳಿ. (ಬೆಂಗಳೂರಿನ ಓದುಗರು)

ಉತ್ತರ: ಗ್ರೀಸ್‌ಗೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಇರುವ ಒಂದೇ ವೀಸಾ. ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದ ಒಳಗಿನವರಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಅರ್ಜಿ ತೆಗೆದುಕೊಳ್ಳುವ ಕೇಂದ್ರದ ಚಾರ್ಜು ಬೇರೆ. ಕನಿಷ್ಠ 30,000 ಯೂರೋ ಮೊತ್ತದ ಟ್ರಾವೆಲ್ ಇನ್ಶೂರೆನ್ಸ್ ಬೇಕು. ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, ಹಾಕಿಬಿಡಿ. ಕೊನೆ ಗಳಿಗೆಗೆ ಅಪಾಯಿಂಟ್‌ಮೆಂಟ್ ಸಿಗದೆ ಒದ್ದಾಡಿದವರನ್ನು ನೋಡಿದ್ದೇನೆ.

ಹೋಟೆಲ್ ಬುಕ್ ಮಾಡುವಾಗ ತೋರಿಸುವ ದರದಲ್ಲಿ ಒಂದು ತೆರಿಗೆ ಸೇರಿರುವುದಿಲ್ಲ, ಅಲ್ಲಿ ಹೋದ ಮೇಲೆ ಕೊಡಬೇಕು. 2025ರಿಂದ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಂದು ರೂಮಿಗೆ ಒಂದು ರಾತ್ರಿಗೆ, ಎರಡು ಸ್ಟಾರ್‌ವರೆಗೆ 2 ಯೂರೋ, ಮೂರು ಸ್ಟಾರ್‌ಗೆ 5, ನಾಲ್ಕಕ್ಕೆ 10, ಐದಕ್ಕೆ 15. ಎರಡು ರೂಮು, ಏಳು ರಾತ್ರಿ ಅಂದರೆ ಸಣ್ಣ ಮೊತ್ತವಲ್ಲ. ಬೀಚಿನಲ್ಲಿ ಕೊಡೆ, ಮಲಗುವ ಕುರ್ಚಿ ಬಾಡಿಗೆಗೆ ಸಿಗುತ್ತವೆ. ಆದರೆ ತೀರ ಸಾರ್ವಜನಿಕರದ್ದು, ನಿಮ್ಮ ಟವೆಲ್ ಹಾಸಿಕೊಂಡು ಪುಕ್ಕಟೆ ಕೂರಬಹುದು. ವಯಸ್ಸಾದವರಿದ್ದರೆ ಮಾತ್ರ ಕೊಡೆಯ ದುಡ್ಡು ಉಳಿಸಬೇಡಿ, ಹೆಚ್ಚಿನ ಕಡೆ ಮರದ ನೆರಳು ಇರುವುದಿಲ್ಲ.

ಕಾರಿಗೆ ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಅಲ್ಲಿ ಬಲಗಡೆ ಓಡಿಸಬೇಕು. ಹಿಂದಿನವರು ಮುಂದೆ ಹೋಗಲಿ ಅಂತ ನಿಧಾನದವರು ರಸ್ತೆಯಂಚಿನ ಪಟ್ಟಿಗೆ ಸರಿದುಕೊಳ್ಳುವುದು ಅಲ್ಲಿನ ರೂಢಿ. ತಿರುವಿನಲ್ಲಿ ಮೇಕೆ ನಿಂತಿರುತ್ತವೆ. ಇಷ್ಟೆಲ್ಲ ಯಾಕೆ ಅನ್ನಿಸಿದರೆ ಬಸ್ಸು ಚೆನ್ನಾಗಿದೆ, ನಾವು ಎರಡನೇ ಸಲ ಬಸ್ಸಲ್ಲೇ ಓಡಾಡಿದ್ದು.

ಯಾರೂ ಹೇಳದ ಒಂದು ವಿಷಯ. ಟಾಯ್ಲೆಟ್‌ನಲ್ಲಿ ನೀರಿನ ಪೈಪು ಇರುವುದಿಲ್ಲ, ಒಂದು ಸಣ್ಣ ಮಗ್ ಬ್ಯಾಗಲ್ಲಿ ಹಾಕಿಕೊಳ್ಳಿ. ಪೇಪರನ್ನು ಕಮೋಡಿಗೆ ಹಾಕಬಾರದು, ಪಕ್ಕದ ಬುಟ್ಟಿಗೆ ಹಾಕಬೇಕು, ಕೊಳವೆಗಳು ಸಣ್ಣವು.

ಪ್ರಶ್ನೆ: ನಾವು ಮ್ಯಾಂಚೆಸ್ಟರ್‌ನಲ್ಲಿ ಇದ್ದೇವೆ, ಇಂಡಿಯನ್ ಪಾಸ್‌ಪೋರ್ಟ್. ಇಲ್ಲಿಂದ ವೀಸಾ ಇಲ್ಲದೆ ಹೋಗಬಹುದಾ? (ಇಂಗ್ಲೆಂಡಿನ ಓದುಗರು)

ಉತ್ತರ: ಆಗುವುದಿಲ್ಲ. ಬ್ರಿಟನ್, ಐರ್ಲೆಂಡ್ ಎರಡೂ ಷೆಂಗೆನ್‌ನಲ್ಲಿ ಇಲ್ಲ, ಅಲ್ಲಿನ ರೆಸಿಡೆನ್ಸ್ ಪರ್ಮಿಟ್ ಸಾಲದು. ಜರ್ಮನಿ, ನೆದರ್‌ಲ್ಯಾಂಡ್ಸ್‌ನಲ್ಲಿ ಇರುವವರಿಗೆ ಅಲ್ಲಿನ ಪರ್ಮಿಟ್ ಸಾಕು.

ಪ್ರಶ್ನೆ: ಮಗ, ಸೊಸೆ ಕರೆದುಕೊಂಡು ಹೋಗುತ್ತೇವೆ ಅನ್ನುತ್ತಿದ್ದಾರೆ. ನನಗೆ 61. ಈಜು ಬರುವುದಿಲ್ಲ. ಅಲ್ಲಿ ಎಲ್ಲರೂ ತುಂಡು ಬಟ್ಟೆಯಲ್ಲಿ ಇರುತ್ತಾರಂತೆ. ನಾನು ಹೋಗಿ ಏನು ಮಾಡಲಿ? ದಡದಲ್ಲಿ ಬ್ಯಾಗ್ ಕಾಯುತ್ತಾ ಕೂರಬೇಕಲ್ಲ? (ಶಿವಮೊಗ್ಗದ ಓದುಗಿ)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ ಅಮ್ಮಾ. ಹೊರಡುವ ಮುಂಚೆ ನನ್ನ ಅಮ್ಮನೂ ಇದೇ ಮಾತು ಹೇಳಿದ್ದರು, ಬ್ಯಾಗ್ ಕಾಯುವ ಮಾತು ಕೂಡ.

ಬಟ್ಟೆಯ ವಿಷಯ ಮೊದಲು. ಹೌದು, ಹೆಚ್ಚಿನವರು ಬಿಕಿನಿಯಲ್ಲಿ ಇರುತ್ತಾರೆ, ಎಪ್ಪತ್ತು ದಾಟಿದ ಅಜ್ಜಿಯರೂ. ಆದರೆ ಒಬ್ಬರು ಇನ್ನೊಬ್ಬರನ್ನು ನೋಡುತ್ತಾ ಕೂರುವುದಿಲ್ಲ. ನೀವು ಮೈ ಮುಚ್ಚಿಕೊಂಡು ಹೋದರೆ ಯಾರೂ ಕೇಳುವುದಿಲ್ಲ. ಸೀರೆ, ಕಾಟನ್ ಚೂಡಿದಾರ್ ಮಾತ್ರ ನೀರಿಗೆ ಬೇಡ. ನೀರು ಹೀರಿ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ, ಅದು ಅಪಾಯ. ತುಂಬು ತೋಳಿನ, ಪಾದದವರೆಗಿನ ಈಜುಡುಗೆ ನಮ್ಮ ಅಂಗಡಿಗಳಲ್ಲೇ ಸಿಗುತ್ತದೆ. ಬಿಸಿಲಿಗೂ ಅದೇ ಒಳ್ಳೆಯದು. ನಮ್ಮ ಚರ್ಮಕ್ಕೆ ಬಿಸಿಲು ತಾಗುವುದಿಲ್ಲ ಅನ್ನುವುದು ಸುಳ್ಳು, ನನಗೆ ಹೆಗಲ ಸಿಪ್ಪೆ ಎದ್ದಿತ್ತು. ಹನ್ನೊಂದರಿಂದ ನಾಲ್ಕರವರೆಗೆ ಒಳಗಿರಿ, ಅಲ್ಲಿನವರೂ ಆಗ ಅಂಗಡಿ ಮುಚ್ಚಿ ಮಲಗುತ್ತಾರೆ.

ಎಲಫೊನಿಸಿಯಲ್ಲಿ ತೀರಕ್ಕೂ ಎದುರಿನ ಪುಟ್ಟ ದ್ವೀಪಕ್ಕೂ ನಡುವೆ ನೀರು ಆಳವಿಲ್ಲ, ನಡೆದೇ ದಾಟಬಹುದು. ಅಮ್ಮ ಮೊದಲು ಪಾದ ಮುಳುಗುವಷ್ಟು ಬಂದು ನಿಂತರು. ಬಗ್ಗಿ ಬೊಗಸೆಯಲ್ಲಿ ನೀರು ತೆಗೆದು, ತೀರ್ಥದ ಹಾಗೆ ತಲೆಗೆ ಹಾಕಿಕೊಂಡರು. ತುಟಿಗೆ ತಾಗಿದ್ದಕ್ಕೆ 'ಅಯ್ಯೋ, ಎಷ್ಟು ಉಪ್ಪೇ ಇದು' ಅಂದರು. ಆಮೇಲೆ ನನ್ನ ಕೈ ಹಿಡಿದು ಮೊಣಕಾಲವರೆಗೆ, ಆಮೇಲೆ ಕೈ ಬಿಟ್ಟು ಇನ್ನೂ ನಾಲ್ಕು ಹೆಜ್ಜೆ. ಕೊನೆಗೆ ನೀರಲ್ಲೇ ಕೂತುಬಿಟ್ಟರು, ಮನೆಯ ಹಜಾರದಲ್ಲಿ ಕೂತ ಹಾಗೆ ಕಾಲು ನೀಡಿ, ಎದೆಯವರೆಗೆ ನೀರು. ಬೆರಳುದ್ದದ ಮೀನುಗಳು ಕಾಲ ಹತ್ತಿರ ಬಂದು ಹೋಗುತ್ತಿದ್ದವು. ಒಂದು ಗಂಟೆ ಮೇಲಾಯಿತು, ಏಳಿ ಅಂದರೂ ಏಳಲಿಲ್ಲ. ನಿಮಗೆ ಈಜು ಬರಬೇಕಾಗಿಲ್ಲ. ಮಗನಿಗೆ ಆಳವಿಲ್ಲದ ಬೀಚ್ ಹುಡುಕಲು ಹೇಳಿ, ಬ್ಯಾಗನ್ನು ಸರದಿಯಲ್ಲಿ ಕಾಯಲು ಹೇಳಿ. ಮಠ, ಚರ್ಚುಗಳಿಗೆ ಹೋಗುವ ದಿನ ಸೀರೆ ಉಟ್ಟುಕೊಳ್ಳಿ, ಅಲ್ಲಿ ಹೆಗಲು, ಮೊಣಕಾಲು ಮುಚ್ಚಿರಬೇಕು ಅನ್ನುತ್ತಾರೆ.

ಪ್ರಶ್ನೆ: ನಮ್ಮ ಕಡೆ ಕಡಲಾಮೆ ಮೊಟ್ಟೆಯಿಡಲು ಬರುತ್ತವೆ. ಕ್ರೀಟ್‌ನಲ್ಲೂ ಬರುತ್ತವಂತೆ, ನೋಡಬಹುದಾ? (ಕುಮಟಾದ ಓದುಗರು)

ಉತ್ತರ: ಬರುತ್ತವೆ, ಜಾತಿ ಬೇರೆ. ನಿಮ್ಮಲ್ಲಿ ಚಳಿಗಾಲದಲ್ಲಿ ಬರುವುದು ಆಲಿವ್ ರಿಡ್ಲಿ. ಅಲ್ಲಿ ಬರುವುದು ಲಾಗರ್‌ಹೆಡ್, ಅದೂ ಬೇಸಿಗೆಯಲ್ಲಿ, ಜನ ಜಾಸ್ತಿ ಇರುವ ಹೊತ್ತಲ್ಲೇ. ರೆಥಿಮ್ನೊ ಊರಿನ ಪೂರ್ವಕ್ಕಿರುವ ಉದ್ದದ ತೀರ, ಹಾನಿಯಾದ ಪಶ್ಚಿಮದ ತೀರ ಎರಡರಲ್ಲೂ ಗೂಡುಗಳಿರುತ್ತವೆ. ಹಗಲು ಕಾಣುವುದು ಮರಳ ಮೇಲೆ ನಿಲ್ಲಿಸಿದ ಸಣ್ಣ ಬೇಲಿ ಅಷ್ಟೇ. 1983ರಲ್ಲಿ ಶುರುವಾದ ಆರ್ಕೆಲಾನ್ ಅನ್ನುವ ಸಂಸ್ಥೆಯ ಸ್ವಯಂಸೇವಕರು ಅವನ್ನು ಕಾಯುತ್ತಾರೆ. ಅವರ ಮಾಹಿತಿ ಕೇಂದ್ರ ಕಂಡರೆ ಒಳಗೆ ಹೋಗಿ ಮಾತಾಡಿಸಿ. ನಿಮ್ಮ ಊರಲ್ಲಿ ಮೀನುಗಾರರು, ಅರಣ್ಯ ಇಲಾಖೆಯವರು ಸೇರಿ ಗೂಡು ಕಾಯುವ ಕಥೆ ಹೇಳಿದರೆ ಅವರಿಗೂ ಸಂತೋಷವಾಗುತ್ತದೆ.

ಸಂಜೆ ಎದ್ದು ಬರುವಾಗ ಮಕ್ಕಳು ತೋಡಿದ ಗುಂಡಿ ಮುಚ್ಚಿ, ಕುರ್ಚಿಗಳನ್ನು ನೀರಿನ ಅಂಚಿನಿಂದ ಹಿಂದಕ್ಕೆ ಎಳೆದಿಡಿ. ಆಮೆ ಹತ್ತಿ ಬರುವ ದಾರಿ ಅದು. ರಾತ್ರಿ ತೀರಕ್ಕೆ ಹೋಗಬೇಡಿ, ಹೋದರೂ ಮೊಬೈಲ್ ಟಾರ್ಚ್ ಹಾಕಬೇಡಿ. ಗೂಡಿನಿಂದ ಹೊರಬಂದ ಮರಿಗಳು ಬೆಳಕು ಎಲ್ಲಿದೆಯೋ ಅದೇ ಸಮುದ್ರ ಅಂದುಕೊಂಡು ಆ ಕಡೆಗೇ ನಡೆಯುತ್ತವೆ.